ಅಂಚು ಮಡಿಸುತ್ತ ಲಮಾರಾ

ನೆಟ್ಟಗೆ ನಿಲ್ಲು ಅನಾನೋ. ಕನ್ನಡಿ ಬೇಡ, ಕಿಟಕಿ ನೋಡು.
ಕನ್ನಡಿ ನೋಡಿದವರು ಬೆನ್ನು ಬಾಗಿಸುತ್ತಾರೆ,
ಅಂಚು ಒಂದು ಬೆರಳು ಮೇಲೇರಿಬಿಡುತ್ತದೆ.
ಅಲ್ಲಿ, ಕಾಕಸಸ್ಸಿನ ನೆತ್ತಿ ಬೆಳ್ಳಗಾಗಿದೆ ನೋಡು.
ಇನ್ನು ಹದಿನೆಂಟೇ ದಿನ.

ಬಾಯಲ್ಲಿ ಗುಂಡುಪಿನ್ನು ಇದ್ದಾಗ ನಾನು ಹೂಂ ಅಷ್ಟೇ ಅನ್ನುವುದು.
ಉಳಿದದ್ದೆಲ್ಲ ಪಿನ್ನು ಮುಗಿದ ಮೇಲೆ.

ಹೂಂ.

ನವೆಂಬರಿಗೆ ಇಟ್ಟುಕೊಂಡದ್ದು ಒಳ್ಳೆಯದಾಯಿತು.
ದ್ರಾಕ್ಷಿ ಕೊಯ್ಲಿನಲ್ಲಿ ಮದುವೆಯೆಂದರೆ ನೆಂಟರು ಬರುತ್ತಾರೆ,
ಉಗುರಲ್ಲಿ ಕಪ್ಪು ರಸ, ರೆಪ್ಪೆಯಲ್ಲಿ ನಿದ್ದೆ,
ಮನಸ್ಸು ಮಾತ್ರ ನೆಲದಲ್ಲಿ ಹೂತ ಗುಡಾಣದ ಹತ್ತಿರ.
ಇಪ್ಪತ್ತೆಂಟಕ್ಕೆ ಉಪವಾಸ ಶುರು,
ಆಮೇಲೆ ಪಾದ್ರಿ ಮದುವೆಯ ಕಿರೀಟ ಮುಟ್ಟುವುದಿಲ್ಲ.
ನಡುವೆ ಇರುವ ಕಿಂಡಿ ಇಷ್ಟೇ. ಅದರಲ್ಲೇ ತೂರಬೇಕು,
ಸೂಜಿಗೆ ದಾರದ ಹಾಗೆ.

ಮುನ್ನೂರು ಜನ ಅಂದೆಯಲ್ಲ,
ಹೆಸರು ಬರೆದಿದ್ದೀಯೋ, ಬರೀ ಅಂಕಿಯೋ?
ಅಂಕಿಗೆ ಜಗಳ ಗೊತ್ತಿಲ್ಲ.
ಗಿವಿಗೂ ನೋದಾರನಿಗೂ ಒಂದು ಬೇಲಿಯ ಸಲುವಾಗಿ
ಹನ್ನೊಂದು ವರ್ಷದಿಂದ ಮಾತಿಲ್ಲ.
ಒಂದೇ ಮೇಜಿಗೆ ಹಾಕಬೇಡ, ಎದುರುಬದುರೂ ಬೇಡ,
ಬೆನ್ನಿಗೆ ಬೆನ್ನು ಕೂರಿಸು.
ಬೆನ್ನುಗಳು ಎಂದೂ ಬೈದಾಡಿದ್ದಿಲ್ಲ.

ಟಮಾದಾ ಯಾರು? ನಾಲಗೆ ಇದ್ದರೆ ಸಾಲದು, ಗಡಿಯಾರವೂ ಬೇಕು.
ಸತ್ತವರ ಹೆಸರಲ್ಲಿ ಲೋಟ ಎತ್ತಿದ ಮೇಲೇ
ಖಾಚಪುರಿ ಒಲೆಯಿಂದ ಇಳಿಯಲಿ ಅಂತ ಅಡುಗೆಯವಳಿಗೆ ಹೇಳು.
ಆ ಮಾತು ಯಾವತ್ತೂ ಉದ್ದ.
ಚೀಸು ಕಾಯುವುದಿಲ್ಲ, ಸತ್ತವರು ಕಾಯುತ್ತಾರೆ.

ಸ್ವಲ್ಪ ತಿರುಗು. ಸಾಕು, ಸಾಕು.

ಮುಯ್ಯಿಯ ಲಕೋಟೆ ನಿನ್ನ ಅಣ್ಣನ ಕೈಗೆ ಬೇಡ,
ಹತ್ತು ಗಂಟೆಗೆ ಅವನು ಕುಣಿಯಲು ಹೋಗುತ್ತಾನೆ.
ಗಣಿತದ ಮೇಡಂ ಮೆದೆಯಾಗೆ ಕೊಡು. ಅವಳು ಕುಡಿಯುವುದಿಲ್ಲ,
ನಗುವುದೂ ಇಲ್ಲ.
ಆದರೆ ಲಕೋಟೆ ನಂಬಿ ಬ್ಯಾಂಡಿನವರಿಗೆ ಮಾತು ಕೊಡಬೇಡಿ.
ಮುಯ್ಯಿ ಅಂದರೆ ಸಾಲವೇ, ಬಣ್ಣದ ಕಾಗದ ಸುತ್ತಿದ್ದು.

ಶೂ ಇವತ್ತಿನಿಂದಲೇ ಹಾಕಿಕೋ, ಉಣ್ಣೆಯ ಕಾಲುಚೀಲದ ಮೇಲೆ.
ಕೋಳಿಗೆ ಕಾಳು ಹಾಕಲು ಅದರಲ್ಲೇ ಹೋಗು, ನಗಲಿ ಕೋಳಿಗಳು.
ಚರ್ಚಿನಲ್ಲಿ ಕಿರೀಟ ಹೊತ್ತು ಮೂರು ಸುತ್ತು,
ಮೂರನೆಯದಕ್ಕೆ ಹಿಮ್ಮಡಿ
ದೇವರನ್ನು ಬಿಟ್ಟು ತನ್ನನ್ನೇ ನೆನೆಯುತ್ತದೆ.

ಹೊಸ್ತಿಲಲ್ಲಿ ಬೆಸೋ ತುಳಿಯಲು ತೆಳು ತಟ್ಟೆ ಇಡಿ.
ನನ್ನವನಿಗೆ ದಪ್ಪ ಪಿಂಗಾಣಿ ಇಟ್ಟಿದ್ದರು.
ಒಂದು ಸಲ ತುಳಿದ. ಎರಡು ಸಲ. ಜನ ಎಣಿಸಿದರು.
ಒಡೆಯಲಿಲ್ಲ.
ನಮ್ಮತ್ತೆ ಏನೂ ಅನ್ನದೆ ಎತ್ತಿ, ತೊಳೆದು,
ಅದರಲ್ಲೇ ಉಪ್ಪಿನಕಾಯಿ ಬಡಿಸಿದಳು.
ಮೂವತ್ತೆರಡು ವರ್ಷವಾಯಿತು. ತಟ್ಟೆ ಇದೆ.
ಅವನೂ ಇದ್ದಾನೆ, ಅಂಚಲ್ಲಿ ಸ್ವಲ್ಪ ಚಕ್ಕೆ ಎದ್ದಿದೆ.

ಆ ಚಳಿಗಾಲ ಊರಿಗೇ ಕರೆಂಟಿರಲಿಲ್ಲ.
ಬಂದವರೆಲ್ಲ ಕೋಟಿನ ಜೇಬಲ್ಲಿ ಒಂದೊಂದು ಮೇಣದ ಬತ್ತಿ ತಂದಿದ್ದರು.
ನನ್ನ ಬಟ್ಟೆ ಯಾರದೋ, ಅಂಚು ಹೊಲಿಯಲು ಬೆಳಕು ಸಾಲದೆ
ಬರೀ ಪಿನ್ನು ಚುಚ್ಚಿ ಕಳಿಸಿದ್ದರು.
ಎಲ್ಲರೂ ಉಂಡರು. ನಮ್ಮಿಬ್ಬರನ್ನು ಯಾರೂ ಉಣ್ಣಿ ಅನ್ನಲಿಲ್ಲ,
ನಾವೇ ಹಬ್ಬ, ಹಬ್ಬಕ್ಕೆಂಥ ಹಸಿವು?
ನಡುರಾತ್ರಿ ಅಡುಗೆಮನೆಯಲ್ಲಿ ನಿಂತುಕೊಂಡೇ
ತಣ್ಣನೆ ರೊಟ್ಟಿಯ ತುದಿ ಮುರಿದು ಅವನು ನನಗೆ ಕೊಟ್ಟ.
ದೊಡ್ಡ ತುಂಡು ನನಗೆ ಬಂತು.
ಕತ್ತಲಲ್ಲೂ ಕೈಗೆ ತೂಕ ಗೊತ್ತಾಗುತ್ತದೆ.

ಹಾಗಾಗಿ ಇದೊಂದು ಬರೆದುಕೋ, ಉಳಿದದ್ದು ಮರೆತರೂ ಅಡ್ಡಿಯಿಲ್ಲ:
ಯಾರಿಗಾದರೂ ಹೇಳಿ ಎರಡು ತಟ್ಟೆ ಮುಚ್ಚಿಡಿಸು.

ಉಸಿರು ಬಿಡು ಈಗ.
ಬೇಡ ಬೇಡ, ಹಾಗೇ ನಿಲ್ಲು, ಅಲುಗಬೇಡ.
ಇಪ್ಪತ್ತನಾಲ್ಕು ಪಿನ್ನು ತಂದಿದ್ದೆ.
ಇಪ್ಪತ್ತಮೂರು ಇವೆ.